ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್ ಆದ ಮೇಲೆ: ಸ್ಕ್ಯಾನ್‌ಗೆ ಕಾಣದ ಹರಡುವಿಕೆಯನ್ನು ಹುಡುಕಿಸುವ ಮುನ್ನ

ಆಪರೇಷನ್ ಚೆನ್ನಾಗಿ ಆಗಿದೆ, ಗಡ್ಡೆ ಪೂರ್ತಿ ಬಂದಿದೆ, ಅಂಚಿನಲ್ಲಿ ಕ್ಯಾನ್ಸರ್ ಇಲ್ಲ, ಗ್ರಂಥಿಗಳೂ ಕ್ಲೀನ್. ಡಾಕ್ಟರ್ ಬಾಯಲ್ಲಿ ಇಷ್ಟು ಕೇಳಿದರೆ ಮನೆಯವರಿಗೆ ಹೋದ ಜೀವ ಬಂದ ಹಾಗಾಗುತ್ತದೆ. ಆದರೂ ಒಂದು ಮಾತು ಮನಸ್ಸಿನಲ್ಲಿರಲಿ. ಮೊದಲ ಹಂತದಲ್ಲೇ ಸಿಕ್ಕಿ ಆಪರೇಷನ್ ಆದವರಲ್ಲೂ ನೂರಕ್ಕೆ ಸುಮಾರು 20ರಿಂದ 30 ಜನರಿಗೆ ಕಾಯಿಲೆ ಮತ್ತೆ ಬರುತ್ತದೆ. ಯಾಕೆಂದರೆ ಆಪರೇಷನ್ ದಿನಕ್ಕೆ ಮುಂಚೆಯೇ ಕೆಲವು ಕ್ಯಾನ್ಸರ್ ಕಣಗಳು (ಜೀವಕೋಶಗಳು) ಗಡ್ಡೆಯಿಂದ ಕಳಚಿಕೊಂಡು ಬೇರೆ ಕಡೆ ಹೋಗಿ ಕೂತಿರುತ್ತವೆ.

ಅವು ಸ್ಕ್ಯಾನ್‌ನಲ್ಲಿ ಯಾಕೆ ಕಾಣುವುದಿಲ್ಲ? ಒಂದು ಸೆಂಟಿಮೀಟರ್ ಗಡ್ಡೆಯಲ್ಲಿ ಹೆಚ್ಚುಕಡಿಮೆ 100 ಕೋಟಿ ಕಣಗಳಿರುತ್ತವೆ. ಒಂದು ಮಿಲಿಮೀಟರ್ ಗಂಟಿನಲ್ಲಿ ಸುಮಾರು 10 ಲಕ್ಷ. ಪೆಟ್ ಸ್ಕ್ಯಾನ್ 8-10 ಮಿಲಿಮೀಟರ್‌ಗಿಂತ ಚಿಕ್ಕದನ್ನು ನಂಬಿಕೆಯಿಂದ ಹಿಡಿಯಲಾರದು. ಅಂದರೆ ಕೋಟಿಗಟ್ಟಲೆ ಕಣಗಳಿದ್ದರೂ ಸ್ಕ್ಯಾನ್ ರಿಪೋರ್ಟ್‌ನಲ್ಲಿ ‘ಏನೂ ಇಲ್ಲ’ ಎಂದೇ ಬರಬಹುದು. ಈ ಅಂತರವನ್ನು ತುಂಬಲು ಡಿಎನ್‌ಎ, ಆರ್‌ಎನ್‌ಎ ಮಟ್ಟದಲ್ಲಿ ಹುಡುಕುವ ಪರೀಕ್ಷೆಗಳು ಬಂದಿವೆ. ಈಗ ನಮ್ಮ ಊರುಗಳಲ್ಲೂ ಅವುಗಳ ಹೆಸರು ಕೇಳಿಬರುತ್ತಿದೆ. ಯಾವುದನ್ನು, ಯಾವಾಗ, ಯಾವ ಕ್ರಮದಲ್ಲಿ ಮಾಡಿಸಬೇಕು, ಯಾವುದಕ್ಕೆ ದುಡ್ಡು ಹಾಕುವ ಮುನ್ನ ಎರಡು ಸಲ ಯೋಚಿಸಬೇಕು ಎಂದು ಇಲ್ಲಿ ಹೇಳುತ್ತೇನೆ.

ಇದು ಆಪರೇಷನ್ ಆದ ಅಥವಾ ಆಗಲಿರುವ ‘ನಾನ್ ಸ್ಮಾಲ್ ಸೆಲ್’ ಜಾತಿಯ ಶ್ವಾಸಕೋಶದ ಕ್ಯಾನ್ಸರ್ ಇರುವವರಿಗೆ. ನೂರರಲ್ಲಿ ಸುಮಾರು 85 ಜನರದ್ದು ಈ ಜಾತಿಯೇ. ಸ್ಮಾಲ್ ಸೆಲ್ ಜಾತಿಯದ್ದಾದರೆ, ಅಥವಾ ಆಗಲೇ ನಾಲ್ಕನೇ ಹಂತ ತಲುಪಿದ್ದರೆ, ದಾರಿ ಬೇರೆ.

ಹಂತ 1: ಮೊದಲು ಪೆಥಾಲಜಿ ರಿಪೋರ್ಟ್ ಕೈಗೆ ತೆಗೆದುಕೊಳ್ಳಿ

ದುಬಾರಿ ರಕ್ತ ಪರೀಕ್ಷೆಯ ಬಗ್ಗೆ ಕೇಳುವ ಮುಂಚೆ, ಆಪರೇಷನ್‌ನಲ್ಲಿ ತೆಗೆದ ಭಾಗದ ರಿಪೋರ್ಟ್ ಓದಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಎರಡು ಸಾಲು ಬರೆದಿರುತ್ತಾರಲ್ಲ, ಅದು ಸಾಲದು. ಪೂರ್ತಿ ರಿಪೋರ್ಟ್ ಕೇಳಿ ಪಡೆಯಿರಿ.

ಅದರಲ್ಲಿ ನೋಡಬೇಕಾದ ಮುಖ್ಯ ಸಂಗತಿ ಲಿಂಫ್ ಗ್ರಂಥಿಗಳ ಲೆಕ್ಕ. ಎಷ್ಟು ಗ್ರಂಥಿ ತೆಗೆದರು, ಯಾವ ಯಾವ ಜಾಗದಿಂದ ತೆಗೆದರು ಎಂದು ಬರೆದಿರಬೇಕು. ಪ್ರತಿ ಜಾಗಕ್ಕೂ ಒಂದು ನಂಬರ್ ಇದೆ. ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದ ಕೆಳಗಿನದು 7, ಬಲಗಡೆ ಶ್ವಾಸನಾಳದ ಪಕ್ಕದ್ದು 4ಆರ್. ಕನಿಷ್ಠ ಆರು ಕಡೆಯಿಂದ ತೆಗೆಯಬೇಕು, ಅದರಲ್ಲಿ ಮೂರು ಎದೆಯ ನಡುಭಾಗದವಾಗಿರಬೇಕು, 7ನೇ ನಂಬರ್ ಅದರಲ್ಲಿ ಸೇರಿರಬೇಕು ಎಂಬುದು ಒಪ್ಪಿತ ನಿಯಮ. ಎರಡೇ ಗ್ರಂಥಿ ನೋಡಿ ‘ಗ್ರಂಥಿಯಲ್ಲಿ ಕ್ಯಾನ್ಸರ್ ಇಲ್ಲ’ ಎಂದು ಬರೆದಿದ್ದರೆ, ಆ ‘ಇಲ್ಲ’ಕ್ಕೆ ಅಷ್ಟು ತೂಕವಿಲ್ಲ. ಮುಂದೆ ಎಷ್ಟೇ ನಾಜೂಕಾದ ಡಿಎನ್‌ಎ ಪರೀಕ್ಷೆ ಮಾಡಿಸಿದರೂ ಈ ಕೊರತೆ ತುಂಬುವುದಿಲ್ಲ. ಆಪರೇಷನ್ ಇನ್ನೂ ಆಗದಿದ್ದರೆ ಇನ್ನೂ ಒಳ್ಳೆಯದು, ಸರ್ಜನ್ ಹತ್ತಿರ ಮುಂಚೆಯೇ ಕೇಳಿ: “ಡಾಕ್ಟ್ರೇ, ಯಾವ ಯಾವ ಗ್ರಂಥಿ ತೆಗೀತೀರಾ?” ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಮಾತು, ನಮ್ಮ ಕಡೆಗೆ ತುಂಬಾ ಸಲ್ಲುವಂಥದ್ದು. ಆಪರೇಷನ್‌ಗೆ ಮುಂಚಿನ ಪೆಟ್ ಸ್ಕ್ಯಾನ್‌ನಲ್ಲಿ ಎದೆಯ ನಡುವಿನ ಗ್ರಂಥಿಗಳು ಹೊಳೆದರೆ ಕ್ಯಾನ್ಸರ್ ಹರಡಿಯೇ ಬಿಟ್ಟಿದೆ ಎಂದು ಕೈಬಿಡಬೇಡಿ. ಹಳೆಯ ಟಿಬಿ, ಕಲ್ಲು ಕ್ವಾರಿಯ ಧೂಳು ಇವುಗಳಿಂದಲೂ ಗ್ರಂಥಿ ಹೊಳೆಯುತ್ತದೆ. ಬಾಯಿಂದ ಟ್ಯೂಬ್ ಇಳಿಸಿ, ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಸೂಜಿಯಿಂದ ಸ್ಯಾಂಪಲ್ ತೆಗೆಯುವ ‘ಇಬಸ್’ ಎಂಬ ವಿಧಾನವಿದೆ. ಹಾಗೆ ತೆಗೆದು ನೋಡಿದ ಮೇಲೇ ತೀರ್ಮಾನವಾಗಬೇಕು.

ಹಂತ 2: ‘ಕ್ಲೀನ್’ ಎಂದ ಗ್ರಂಥಿಯೊಳಗೆ ಏನಿರಬಹುದು ಎಂದು ತಿಳಿದುಕೊಳ್ಳಿ

ಪೆಥಾಲಜಿಸ್ಟ್ ಗ್ರಂಥಿಯನ್ನು ಎರಡು ಮಿಲಿಮೀಟರ್ ದಪ್ಪದ ಚೂರುಗಳಾಗಿ ಕತ್ತರಿಸಿ ಮೇಣದಲ್ಲಿ ಕೂರಿಸುತ್ತಾರೆ. ಆಮೇಲೆ ಅದರಿಂದ 4-5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು) ತೆಳುವಿನ ಪದರ ತೆಗೆದು, ಬಣ್ಣ ಹಾಕಿ ನೋಡುತ್ತಾರೆ. ಒಂದು ಸೆಂಟಿಮೀಟರ್ ಗ್ರಂಥಿಯನ್ನು 5 ಮೈಕ್ರಾನ್ ಲೆಕ್ಕದಲ್ಲಿ ಕತ್ತರಿಸಿದರೆ 2000 ಪದರ ಬರುತ್ತದೆ. ನೋಡುವುದು ಅದರಲ್ಲಿ ಕೆಲವನ್ನು ಮಾತ್ರ. ಅಕ್ಕಿ ಮೂಟೆಗೆ ಒಂದೆರಡು ಕಡೆ ಚುಚ್ಚಿ, ಒಂದೊಂದು ಹಿಡಿ ತೆಗೆದು ನೋಡಿದ ಹಾಗೆ. ಇದು ಯಾರ ತಪ್ಪೂ ಅಲ್ಲ. ಎಲ್ಲ ಪದರವನ್ನೂ ನೋಡುತ್ತಾ ಕೂತರೆ ಒಬ್ಬ ರೋಗಿಯ ರಿಪೋರ್ಟ್ ಮುಗಿಯುವುದೇ ಇಲ್ಲ.

ಹೀಗೆ ತಪ್ಪಿಸಿಕೊಳ್ಳುವ ಚಿಕ್ಕ ಗುಂಪುಗಳಿಗೆ ಅಳತೆಯಿದೆ. 0.2 ಮಿಲಿಮೀಟರ್‌ಗಿಂತ ದೊಡ್ಡದು, 2 ಮಿಲಿಮೀಟರ್ ಒಳಗಿನದು ಆದರೆ ಮೈಕ್ರೋಮೆಟಾಸ್ಟಾಸಿಸ್. ಅದಕ್ಕಿಂತ ಚಿಕ್ಕದಾದರೆ ಬಿಡಿ ಕಣಗಳು. ಇವನ್ನು ಹಿಡಿಯಲು ಎರಡು ದಾರಿ. ಒಂದು, ಸೈಟೋಕೆರಾಟಿನ್ ಎಂಬ ಪ್ರೋಟೀನ್‌ಗೆ ಬಣ್ಣ ಹಚ್ಚುವುದು. ಅದು ಶ್ವಾಸಕೋಶದ ಒಳಪದರದ ಕಣಗಳಲ್ಲಿರುತ್ತದೆ, ಗ್ರಂಥಿಯ ಸ್ವಂತ ಕಣಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇನ್ನೊಂದು, ಗ್ರಂಥಿಯನ್ನು ಅರೆದು ಅದರಲ್ಲಿ ಸಿಕೆ19, ಸಿಇಎ ಮುಂತಾದ ಜೀನ್‌ಗಳ ಆರ್‌ಎನ್‌ಎ ಇದೆಯಾ ಎಂದು ಪಿಸಿಆರ್ ತರಹದ ವಿಧಾನದಲ್ಲಿ ಹುಡುಕುವುದು. ಜಪಾನಿನಲ್ಲಿ ಬೆಳೆದ ‘ಓಸ್ನಾ’ ಎಂಬ ವಿಧಾನ ಈ ಎರಡನೇ ಬಗೆಯದು. ಆಪರೇಷನ್ ನಡೆಯುತ್ತಿರುವಾಗಲೇ, ಅರ್ಧ-ಮುಕ್ಕಾಲು ಗಂಟೆಯಲ್ಲಿ ಉತ್ತರ ಕೊಡುವಷ್ಟು ವೇಗ ಅದಕ್ಕಿದೆ.

ಹೀಗೆ ಹುಡುಕಿದರೆ ಸಿಗುತ್ತದೆಯೇ? ಸಿಗುತ್ತದೆ. ಅಮೆರಿಕದ ಝಡ್0040 ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು. ಮಾಮೂಲಿ ಪರೀಕ್ಷೆಯಲ್ಲಿ ಗ್ರಂಥಿ ಕ್ಲೀನ್ ಎಂದಿದ್ದ 580 ಜನರಲ್ಲಿ 130 ಜನರ ಗ್ರಂಥಿಗಳಲ್ಲಿ ಸೈಟೋಕೆರಾಟಿನ್ ಬಣ್ಣ ಹಚ್ಚಿದಾಗ ಕ್ಯಾನ್ಸರ್ ಕಣ ಕಂಡಿತು. ಐವರಲ್ಲಿ ಒಬ್ಬರಿಗಿಂತ ಜಾಸ್ತಿ. ಅವರಿಗೆ ಮುಂದೆ ಕಾಯಿಲೆ ಮರುಕಳಿಸುವ ಅಪಾಯವೂ ಹೆಚ್ಚಿತ್ತು. ಅದೇ ಅಧ್ಯಯನದಲ್ಲಿ ಪಕ್ಕೆಲುಬಿನ ಮಜ್ಜೆಯನ್ನೂ ನೋಡಿದ್ದರು. 821 ಜನರಲ್ಲಿ 66 ಜನರ ಮಜ್ಜೆಯಲ್ಲಿ ಕಣ ಸಿಕ್ಕಿತು. ಆದರೆ ಅದರಿಂದ ಅವರ ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ! ಈ ಎರಡನೇ ಸಂಗತಿಯನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಕಣ ಸಿಗುವುದು ಬೇರೆ, ಆ ಕಣ ಬೆಳೆದು ಕಾಯಿಲೆಯಾಗುವುದು ಬೇರೆ.

ಪ್ರಾಯೋಗಿಕವಾಗಿ ಹೇಳುವುದಾದರೆ, ಗ್ರಂಥಿಯ ಆರ್‌ಎನ್‌ಎ ಪರೀಕ್ಷೆ ನಮ್ಮಲ್ಲಿ ಮಾಮೂಲಿಯಾಗಿ ನಡೆಯುವುದಿಲ್ಲ. ಅದಕ್ಕಾಗಿ ಅಲೆಯುವ ಅಗತ್ಯವೂ ಇಲ್ಲ. ಅದರಲ್ಲಿ ಸುಳ್ಳು ಪಾಸಿಟಿವ್ ಬರುವುದೂ ಉಂಟು, ಯಾಕೆಂದರೆ ಒಳ್ಳೆಯ ಗ್ರಂಥಿಯಲ್ಲೂ ಆ ಆರ್‌ಎನ್‌ಎ ತೀರಾ ಸ್ವಲ್ಪ ಪ್ರಮಾಣದಲ್ಲಿ ಇರಬಹುದು. ರಿಪೋರ್ಟ್‌ನಲ್ಲಿ ‘ಅನುಮಾನ’ ಎಂಬ ಮಾತು ಇದ್ದರೆ ಮಾತ್ರ, ಆ ಗ್ರಂಥಿಯನ್ನು ಕೂರಿಸಿದ ಮೇಣದ ಬ್ಲಾಕ್‌ಗೆ ಸೈಟೋಕೆರಾಟಿನ್ ಬಣ್ಣ ಹಾಕಿಸಬಹುದಾ ಎಂದು ಕೇಳಿ. ಬಹಳ ಕಡೆ ಆಗುವ ಪರೀಕ್ಷೆ ಅದು.

ಹಂತ 3: ಬ್ಲಾಕ್ ಭದ್ರ ಮಾಡಿ, ಜೀನ್ ಪರೀಕ್ಷೆ ಮಾಡಿಸಿ

ಇಡೀ ಲೇಖನದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಗಡ್ಡೆಯ ಚೂರನ್ನು ಕೂರಿಸಿಟ್ಟ ಮೇಣದ ಬ್ಲಾಕ್ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿರುತ್ತದೆ. ರೋಗಿಯ ಕಡೆಯವರು ಅರ್ಜಿ ಬರೆದು ಕೊಟ್ಟರೆ ಬ್ಲಾಕ್ ಮತ್ತು ಸ್ಲೈಡ್ ಪಡೆಯಬಹುದು. ಬ್ಲಾಕ್ ನಂಬರ್ ಬರೆದಿಟ್ಟುಕೊಳ್ಳಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಕರಗುತ್ತದೆ. ಮೂಳೆಯ ಚೂರನ್ನು ಆಸಿಡ್‌ನಲ್ಲಿ ಮೆತ್ತಗೆ ಮಾಡಿ ತಯಾರಿಸಿದ ಬ್ಲಾಕ್ ಆಗಿದ್ದರೆ ಡಿಎನ್‌ಎ ಹಾಳಾಗಿರುವ ಸಂಭವ ಜಾಸ್ತಿ. ಬೇರೆ ಬ್ಲಾಕ್ ಇದೆಯಾ ಕೇಳಿ.

ಆ ಬ್ಲಾಕ್‌ನಲ್ಲಿ ಕನಿಷ್ಠ ಇಜಿಎಫ್‌ಆರ್, ಎಎಲ್‌ಕೆ ಎಂಬ ಎರಡು ಜೀನ್‌ಗಳನ್ನು ಮತ್ತು ಪಿಡಿ-ಎಲ್1 ಎಂಬ ಪ್ರೋಟೀನ್ ಅನ್ನು ನೋಡಿಸಬೇಕು. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಇದರ ಉತ್ತರ ಚಿಕಿತ್ಸೆಯನ್ನು ಇವತ್ತೇ ಬದಲಿಸುತ್ತದೆ. ಅಡೌರಾ ಎಂಬ ಅಧ್ಯಯನದಲ್ಲಿ, ಇಜಿಎಫ್‌ಆರ್ ಬದಲಾವಣೆ ಇದ್ದು ಆಪರೇಷನ್ ಆದವರಿಗೆ ಮೂರು ವರ್ಷ ಒಸಿಮರ್ಟಿನಿಬ್ ಮಾತ್ರೆ ಕೊಟ್ಟರು. ಐದು ವರ್ಷದ ನಂತರ ಮಾತ್ರೆ ತೆಗೆದುಕೊಂಡವರಲ್ಲಿ 88% ಜನ ಬದುಕಿದ್ದರು, ಮಾತ್ರೆಯಿಲ್ಲದವರಲ್ಲಿ 78%. 2023ರಲ್ಲಿ ಪ್ರಕಟವಾದ ಫಲಿತಾಂಶ ಇದು. ಎಎಲ್‌ಕೆ ಇದ್ದವರಿಗೆ ಅಲೆಕ್ಟಿನಿಬ್‌ನಿಂದ ಕಾಯಿಲೆ ಮರುಕಳಿಸುವುದು ದೊಡ್ಡ ಮಟ್ಟದಲ್ಲಿ ತಗ್ಗಿತು ಎಂದು 2024ರಲ್ಲಿ ಗೊತ್ತಾಯಿತು. ಕಾಣದೆ ಕೂತ ಕಣಗಳನ್ನು ಹೊಡೆಯುವ ಔಷಧಿಗಳೇ ಇವು. ಬೀಡಿ ಸಿಗರೇಟು ಮುಟ್ಟದ ಹೆಂಗಸರಲ್ಲಿ ಇಜಿಎಫ್‌ಆರ್ ಸಿಗುವ ಸಾಧ್ಯತೆ ಇನ್ನೂ ಹೆಚ್ಚು. ‘ಅಮ್ಮ ಸಿಗರೇಟೇ ಸೇದಿಲ್ಲ, ಇವರಿಗೆ ಯಾಕೆ ಇಷ್ಟೆಲ್ಲ ಪರೀಕ್ಷೆ’ ಎಂದು ಸುಮ್ನೆ ಬಿಟ್ಟರೆ ದೊಡ್ಡ ನಷ್ಟ.

ಮೆದುಳಿನ ಎಂಆರ್‌ಐ ಆಗಿದೆಯಾ ಎಂದೂ ಇದೇ ಹೊತ್ತಿನಲ್ಲಿ ನೋಡಿಕೊಳ್ಳಿ. ಪೆಟ್ ಸ್ಕ್ಯಾನ್ ಮೆದುಳಿನ ಚಿಕ್ಕ ಗಡ್ಡೆಗಳನ್ನು ಹಿಡಿಯುವುದರಲ್ಲಿ ಹಿಂದೆ.

ಹಂತ 4: ಈಗ ರಕ್ತ ಪರೀಕ್ಷೆಯ ವಿಷಯ

ಸಾಯುವ ಕಣಗಳು ತಮ್ಮ ಡಿಎನ್‌ಎ ಚೂರುಗಳನ್ನು ರಕ್ತಕ್ಕೆ ಬಿಡುತ್ತವೆ. ಕ್ಯಾನ್ಸರ್ ಕಣ ಬಿಟ್ಟ ಚೂರಿಗೆ ಸಿಟಿಡಿಎನ್‌ಎ ಎಂದು ಹೆಸರು. ಅದು ರಕ್ತದಲ್ಲಿ ಹೆಚ್ಚು ಹೊತ್ತು ಇರುವುದಿಲ್ಲ. ಒಂದೆರಡು ಗಂಟೆಯೊಳಗೇ ಅರ್ಧಕ್ಕರ್ಧ ಕರಗಿಹೋಗುತ್ತದೆ. ಹಾಗಾಗಿ ಆಪರೇಷನ್ ಆಗಿ ವಾರಗಳು ಕಳೆದ ಮೇಲೂ ಅದು ಸಿಕ್ಕರೆ, ಬಿಡುವ ಕಣ ಇನ್ನೂ ಎಲ್ಲೋ ಇದೆ ಎಂದರ್ಥ. ಇದನ್ನೇ ಎಂಆರ್‌ಡಿ (ಕಾಣದಷ್ಟು ಸ್ವಲ್ಪ ಉಳಿದ ಕಾಯಿಲೆ) ಪರೀಕ್ಷೆ ಎನ್ನುತ್ತಾರೆ.

ಇದರಲ್ಲಿ ಎರಡು ಜಾತಿ. ಮೊದಲನೆಯದರಲ್ಲಿ ನಿಮ್ಮ ಗಡ್ಡೆಯ ಬ್ಲಾಕ್‌ನ ಡಿಎನ್‌ಎಯನ್ನು ಮೊದಲು ಓದುತ್ತಾರೆ. ಆ ಗಡ್ಡೆಗೇ ಸೇರಿದ ಹತ್ತಾರು ಬದಲಾವಣೆಗಳನ್ನು ಆರಿಸಿ, ಅವನ್ನು ಮಾತ್ರ ರಕ್ತದಲ್ಲಿ ಹುಡುಕುತ್ತಾರೆ. ಎರಡನೆಯದರಲ್ಲಿ ಬ್ಲಾಕ್ ಬೇಡ. ಸಾಮಾನ್ಯವಾಗಿ ಕ್ಯಾನ್ಸರ್‌ನಲ್ಲಿ ಕಾಣುವ ಗುರುತುಗಳ ಒಂದು ಸಿದ್ಧಪಟ್ಟಿ ಹಿಡಿದು ಹುಡುಕುತ್ತಾರೆ. ಇದು ಬೇಗ ಆಗುತ್ತದೆ. ಆದರೆ ಆಪರೇಷನ್ ಆದ ಮೇಲೆ ತೀರಾ ಕಡಿಮೆ ಇರುವುದನ್ನು ಹುಡುಕಲು ಮೊದಲನೆಯದೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಒಂದು ಲೆಕ್ಕ ಕೊಡುತ್ತೇನೆ, ನೋಡಿ.

10 ಮಿಲಿ ರಕ್ತದ ಟ್ಯೂಬ್‌ನಿಂದ ಸುಮಾರು 4 ಮಿಲಿ ಪ್ಲಾಸ್ಮಾ (ರಕ್ತಕಣ ಬಿಟ್ಟು ಉಳಿದ ನೀರಿನ ಭಾಗ) ಬರುತ್ತದೆ. ಒಂದು ಮಿಲಿ ಪ್ಲಾಸ್ಮಾದಲ್ಲಿ 5 ನ್ಯಾನೋಗ್ರಾಂ ಡಿಎನ್‌ಎ ಇದೆ ಎಂದಿಟ್ಟುಕೊಳ್ಳಿ, ಒಟ್ಟು 20. ಒಂದು ನ್ಯಾನೋಗ್ರಾಂನಲ್ಲಿ ಮನುಷ್ಯನ ಡಿಎನ್‌ಎಯ ಸುಮಾರು 300 ಪೂರ್ತಿ ಪ್ರತಿಗಳು ಇರುತ್ತವೆ. ಅಂದರೆ ಇಡೀ ಟ್ಯೂಬ್‌ನಲ್ಲಿ 6000 ಪ್ರತಿ. ಈಗ ಕ್ಯಾನ್ಸರ್‌ನ ಪಾಲು 10,000ಕ್ಕೆ ಒಂದು ಇದ್ದರೆ? ಒಂದೇ ಬದಲಾವಣೆಯನ್ನು ಹುಡುಕುತ್ತಾ ಹೋದರೆ ಆ ಟ್ಯೂಬ್‌ನಲ್ಲಿ ಅದು ಇಲ್ಲದೇ ಹೋಗುವ ಸಾಧ್ಯತೆಯೇ ಹೆಚ್ಚು. ಮೆಷಿನ್ ಎಷ್ಟು ಒಳ್ಳೆಯದಾದರೂ ಟ್ಯೂಬ್‌ನಲ್ಲಿ ಇಲ್ಲದ್ದನ್ನು ಹುಡುಕಲಾರದು. ಹತ್ತಾರು ಬದಲಾವಣೆಗಳನ್ನು ಒಟ್ಟಿಗೆ ಹುಡುಕಿದರೆ ಯಾವುದಾದರೂ ಒಂದು ಸಿಕ್ಕೀತು. ಎರಡು ಟ್ಯೂಬ್ ರಕ್ತ ಕೇಳುವುದೂ ಇದಕ್ಕೇ.

ಹಂತ 5: ದುಡ್ಡು ಕಟ್ಟುವ ಮುನ್ನ ಈ ಪ್ರಶ್ನೆ ಕೇಳಿ

“ಡಾಕ್ಟ್ರೇ, ಇದು ಪಾಸಿಟಿವ್ ಬಂದ್ರೆ ಅಪ್ಪನ ಟ್ರೀಟ್‌ಮೆಂಟಲ್ಲಿ ಏನು ಬದಲಾಗುತ್ತೆ? ನೆಗೆಟಿವ್ ಬಂದ್ರೆ ಏನು ಬಿಡ್ತೀರಾ?”

ಇದಕ್ಕೆ ನೇರವಾದ ಉತ್ತರ ಬಂದರೆ ಮುಂದುವರಿಯಿರಿ. ‘ಸುಮ್ನೆ ಗೊತ್ತಿರಲಿ ಅಂತ’ ಎಂಬ ಉತ್ತರ ಬಂದರೆ ನಿಂತು ಯೋಚಿಸಿ. ದೊಡ್ಡ ಕರುಳಿನ ಕ್ಯಾನ್ಸರ್‌ನ ಎರಡನೇ ಹಂತದಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವ ಅಧ್ಯಯನ ನಡೆದಿದೆ. ಆಸ್ಟ್ರೇಲಿಯಾದ ಡೈನಮಿಕ್ ಅಧ್ಯಯನದಲ್ಲಿ, ರಕ್ತ ಪರೀಕ್ಷೆ ನೋಡಿ ಕೀಮೋ ತೀರ್ಮಾನಿಸಿದಾಗ ಕೀಮೋ ಪಡೆದವರು 28%ರಿಂದ 15%ಕ್ಕೆ ಇಳಿದರು, ಆದರೂ ಕಾಯಿಲೆ ಮರುಕಳಿಸುವುದು ಹೆಚ್ಚಲಿಲ್ಲ. ಶ್ವಾಸಕೋಶದ ಕ್ಯಾನ್ಸರ್‌ಗೆ ಅಂಥ ಆಧಾರ ಇನ್ನೂ ಸಿದ್ಧವಾಗಿಲ್ಲ. ಯುರೋಪಿನ ಕ್ಯಾನ್ಸರ್ ತಜ್ಞರ ಸಂಘ ‘ಎಸ್ಮೋ’ 2022ರಲ್ಲಿ ಹೇಳಿದ್ದೂ ಇದನ್ನೇ. ಈ ಪರೀಕ್ಷೆ ಮರುಕಳಿಸುವಿಕೆಯನ್ನು ಮುಂಚೆ ಹೇಳುತ್ತದೆ, ಆದರೆ ಅದನ್ನು ನೋಡಿ ಚಿಕಿತ್ಸೆ ಬದಲಿಸಿದರೆ ರೋಗಿಗೆ ಲಾಭ ಎಂದು ಇನ್ನೂ ಸಾಬೀತಾಗಿಲ್ಲ, ಹಾಗಾಗಿ ಮಾಮೂಲಿಯಾಗಿ ಬೇಡ ಎಂದು.

ಹೊಲ ಅಡವಿಟ್ಟು, ಒಡವೆ ಮಾರಿ ಈ ಪರೀಕ್ಷೆ ಮಾಡಿಸಬೇಡಿ. ಇದನ್ನು ಮನಸಾರೆ ಹೇಳುತ್ತಿದ್ದೇನೆ. ಆ ದುಡ್ಡು ಔಷಧಿಗೆ, ಸಿಟಿ ಸ್ಕ್ಯಾನ್‌ಗೆ, ಊರಿಂದ ಆಸ್ಪತ್ರೆಗೆ ಓಡಾಡುವುದಕ್ಕೆ ಬೇಕಾಗುತ್ತದೆ. ಅನುಕೂಲ ಇದ್ದವರು ಮಾಡಿಸುವುದಾದರೆ, ಒಂದು ಸಲದ ದರ ಕೇಳಬೇಡಿ. ಈ ಪರೀಕ್ಷೆ ಒಂದು ಸಲಕ್ಕೆ ಮುಗಿಯುವುದಿಲ್ಲ, ಕೆಲವು ತಿಂಗಳಿಗೊಮ್ಮೆ ಮಾಡಿಸಿದರೇ ಅರ್ಥ. ಎರಡು ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ ಎಂದು ಬರಹದಲ್ಲಿ ಪಡೆಯಿರಿ. ಸಂದೇಹವಿದ್ದರೆ ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಮೆಮೋರಿಯಲ್‌ನಂಥ ಕಡೆ ಇನ್ನೊಂದು ಅಭಿಪ್ರಾಯ ಕೇಳಿ.

ಹಂತ 6: ರಕ್ತ ಕೊಡುವ ದಿನ

ದಿನ ಆರಿಸುವುದರಲ್ಲೇ ಅರ್ಧ ಕೆಲಸವಿದೆ. ಆಪರೇಷನ್ ಆದ ತಕ್ಷಣ ಗಾಯದಿಂದಲೇ ಮಾಮೂಲಿ ಡಿಎನ್‌ಎ ರಕ್ತಕ್ಕೆ ಬೇಕಾದಷ್ಟು ಸೇರುತ್ತದೆ. ಆ ಗದ್ದಲದಲ್ಲಿ ಕ್ಯಾನ್ಸರ್‌ನ ಚೂರು ಮುಚ್ಚಿಹೋಗುತ್ತದೆ. ಆದ್ದರಿಂದ ಎರಡರಿಂದ ನಾಲ್ಕು ವಾರ ಕಾಯಬೇಕು. ಅತ್ತ ಕೀಮೋ ಶುರುವಾದರೆ ಸಿಟಿಡಿಎನ್‌ಎ ತಾತ್ಕಾಲಿಕವಾಗಿ ಇಳಿದು, ಇದ್ದರೂ ಸಿಗದೆ ಹೋಗಬಹುದು. ಗಾಯ ಮಾಗಿದ ಮೇಲೆ, ಕೀಮೋಗೆ ಮುಂಚೆ. ಸಿಗುವ ಕಿಂಡಿ ಇಷ್ಟೇ. ಬ್ಲಾಕ್ ಓದಿ ಪರೀಕ್ಷೆ ತಯಾರಿಸಲು ಲ್ಯಾಬ್‌ಗೆ ಕೆಲವು ವಾರ ಬೇಕು, ಹಾಗಾಗಿ ಬ್ಲಾಕ್ ಮೊದಲೇ ಹೋಗಿರಲಿ. ಆದರೆ ರಿಪೋರ್ಟ್ ಬರಲಿ ಎಂದು ಕೀಮೋವನ್ನು ಮುಂದಕ್ಕೆ ಹಾಕಬೇಡಿ.

ಟ್ಯೂಬ್ ಯಾವುದು ಎಂದು ನೋಡಿ. ನೇರಳೆ ಮುಚ್ಚಳದ ಮಾಮೂಲಿ ಟ್ಯೂಬ್ ಆದರೆ ಕೆಲವೇ ಗಂಟೆಗಳಲ್ಲಿ ಪ್ಲಾಸ್ಮಾ ಬೇರ್ಪಡಿಸಬೇಕು. ತಡವಾದರೆ ಬಿಳಿ ರಕ್ತಕಣಗಳು ಒಡೆದು ತಮ್ಮ ಡಿಎನ್‌ಎ ಸುರಿಯುತ್ತವೆ. ದೂರದ ಲ್ಯಾಬ್‌ಗೆ ಕಳಿಸುವುದಾದರೆ ಕಣ ಒಡೆಯದಂತೆ ತಡೆಯುವ ವಿಶೇಷ ಟ್ಯೂಬ್ ಬೇಕು. ಸ್ಟ್ರೆಕ್ ಎಂಬ ಕಂಪನಿಯದ್ದು ಹೆಚ್ಚು ಬಳಕೆಯಲ್ಲಿದೆ. ರಕ್ತ ತೆಗೆದ ಕೂಡಲೇ ಅದನ್ನು ಎಂಟು-ಹತ್ತು ಸಲ ಮೆಲ್ಲಗೆ ಬೋರಲು ಮಾಡಬೇಕು, ಕುಲುಕಬಾರದು. ಫ್ರಿಜ್‌ನಲ್ಲಿ, ಐಸ್ ಮೇಲೆ ಇಡಬಾರದು. ಬಿಸಿಯೂ ಆಗದು. 6ರಿಂದ 37 ಡಿಗ್ರಿ ಒಳಗಿರಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನಿಂದ ಕೊರಿಯರ್ ಮಾಡುವವರು ಇದನ್ನು ಮೊದಲೇ ಲ್ಯಾಬ್‌ನವರ ಹತ್ತಿರ ಮಾತಾಡಿ. ಶನಿವಾರ ಸಂಜೆ ಕಳಿಸಿ ಭಾನುವಾರವೆಲ್ಲ ಗೋಡೌನಿನಲ್ಲಿ ಕೂರುವ ಹಾಗೆ ಮಾಡಬೇಡಿ. ಇತ್ತೀಚೆಗೆ ರಕ್ತ ಹಾಕಿಸಿದ್ದರೆ ಫಾರ್ಮ್‌ನಲ್ಲಿ ಬರೆಯಿರಿ.

ಹಂತ 7: ರಿಪೋರ್ಟ್ ಬಂದ ಮೇಲೆ

ಪಾಸಿಟಿವ್ ಬಂದರೆ ಎದೆಗುಂದಬೇಡಿ, ಹಾಗಂತ ಬದಿಗಿಡಲೂಬೇಡಿ. ಸ್ಟ್ಯಾನ್‌ಫರ್ಡ್‌ನ 2017ರ ಅಧ್ಯಯನವೊಂದರಲ್ಲಿ ಸ್ಕ್ಯಾನ್‌ಗಿಂತ ಸರಾಸರಿ 5.2 ತಿಂಗಳು ಮುಂಚೆ ರಕ್ತದಲ್ಲಿ ಸುಳಿವು ಸಿಕ್ಕಿತ್ತು. ಅಡೌರಾದಲ್ಲಿ 4.7 ತಿಂಗಳು. ಅಂದರೆ ಈಗ ಸ್ಕ್ಯಾನ್ ಮಾಡಿಸಿದರೆ ಏನೂ ಕಾಣದೇ ಇರಬಹುದು. ಮೊದಲು ಕೆಲವು ವಾರ ಬಿಟ್ಟು ರಕ್ತ ಪರೀಕ್ಷೆ ಮತ್ತೊಮ್ಮೆ ಆಗಲಿ. ಲ್ಯಾಬ್‌ನವರು ಬಿಳಿ ರಕ್ತಕಣಗಳ ಡಿಎನ್‌ಎಯನ್ನೂ ಹೋಲಿಸಿ ನೋಡಿದ್ದಾರಾ ಕೇಳಿ. ವಯಸ್ಸಾದಂತೆ ರಕ್ತದ ಕಣಗಳಲ್ಲೇ ಟಿಪಿ53, ಡಿಎನ್‌ಎಂಟಿ3ಎ ಮುಂತಾದ ಜೀನ್‌ಗಳು ಬದಲಾಗುತ್ತವೆ. ಹೋಲಿಸದಿದ್ದರೆ ಅದನ್ನೇ ಕ್ಯಾನ್ಸರ್ ಎಂದು ಓದುವ ಅಪಾಯವಿದೆ. ಎರಡನೇ ಸಲವೂ ಪಾಸಿಟಿವ್ ಆದರೆ ಪೆಟ್ ಸ್ಕ್ಯಾನ್, ಮೆದುಳಿನ ಎಂಆರ್‌ಐ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ, ಆಮೇಲೆ ಸ್ಕ್ಯಾನ್‌ಗಳ ನಡುವಿನ ಅಂತರ ಕಡಿಮೆ ಮಾಡಿ. ಬರೀ ರಕ್ತದ ರಿಪೋರ್ಟ್ ಹಿಡಿದು ಹೊಸ ಕೀಮೋ ಶುರು ಮಾಡಲು ಒತ್ತಾಯಿಸಬೇಡಿ.

ನೆಗೆಟಿವ್ ಬಂದಾಗ ಆಗುವ ತಪ್ಪೇ ಹೆಚ್ಚು ದುಬಾರಿ. ‘ರಕ್ತದಲ್ಲಿ ಏನೂ ಇಲ್ವಲ್ಲ’ ಎಂದು ಮಾತ್ರೆ ನಿಲ್ಲಿಸುತ್ತಾರೆ, ಸ್ಕ್ಯಾನ್ ತಪ್ಪಿಸುತ್ತಾರೆ. ಅಡೌರಾದಲ್ಲಿ ಶುರುವಿನಲ್ಲಿ ಬಹುತೇಕರ ರಕ್ತದಲ್ಲಿ ಏನೂ ಸಿಕ್ಕಿರಲಿಲ್ಲ. ಹಾಗಿದ್ದೂ ಮಾತ್ರೆಯಿಲ್ಲದ ಗುಂಪಿನಲ್ಲಿ ಅನೇಕರಿಗೆ ಕಾಯಿಲೆ ಮರಳಿತು. ಕೆಲವು ಗಡ್ಡೆಗಳು ಡಿಎನ್‌ಎ ಬಿಡುವುದೇ ಕಡಿಮೆ. ಬ್ರಿಟನ್ನಿನ ಟ್ರೇಸರ್‌ಎಕ್ಸ್ ಅಧ್ಯಯನದಲ್ಲಿ, ಆಪರೇಷನ್‌ಗೆ ಮುಂಚೆ, ಗಡ್ಡೆ ಒಳಗಿರುವಾಗಲೇ ರಕ್ತ ನೋಡಿದರು. ನಾನ್ ಸ್ಮಾಲ್ ಸೆಲ್‌ನೊಳಗೇ ಸ್ಕ್ವೇಮಸ್, ಅಡಿನೋಕಾರ್ಸಿನೋಮಾ ಎಂಬ ಒಳಜಾತಿಗಳಿವೆ. ಸ್ಕ್ವೇಮಸ್ ಜಾತಿಯವರಲ್ಲಿ 97% ಜನರಿಗೆ ಸಿಟಿಡಿಎನ್‌ಎ ಸಿಕ್ಕಿತು, ಅಡಿನೋಕಾರ್ಸಿನೋಮಾದವರಲ್ಲಿ 19% ಮಾತ್ರ. 2017ರ ಆ ಪರೀಕ್ಷೆಗಿಂತ ಈಗಿನವು ಸೂಕ್ಷ್ಮವಾಗಿವೆ, ನಿಜ. ಆದರೂ ನಿಮ್ಮವರದು ಅಡಿನೋಕಾರ್ಸಿನೋಮಾ ಆಗಿದ್ದರೆ ಆಪರೇಷನ್‌ಗೆ ಮುಂಚಿನ ರಕ್ತವನ್ನೂ ಪರೀಕ್ಷಿಸಿದ್ದರೆ ಒಳ್ಳೆಯದು. ಗಡ್ಡೆ ಇದ್ದಾಗಲೇ ಸಿಗದಿದ್ದದ್ದು, ತೆಗೆದ ಮೇಲೆ ಸಿಗಲಿಲ್ಲ ಎಂದರೆ ಅದರಿಂದ ತಿಳಿಯುವುದು ಏನೂ ಇಲ್ಲ. ಮೆದುಳಿಗೆ ಹೋದ ಕಣಗಳ ಡಿಎನ್‌ಎಯಂತೂ ರಕ್ತಕ್ಕೆ ಬರುವುದು ಬಹಳ ಕಡಿಮೆ. ರಿಪೋರ್ಟ್ ನೆಗೆಟಿವ್ ಇದ್ದರೂ ಹೊಸದಾಗಿ ತಲೆನೋವು, ವಾಂತಿ, ನಡೆಯುವಾಗ ತೂರಾಡುವುದು, ರಾತ್ರಿ ಕಾಡುವ ಮೂಳೆ ನೋವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಆಸ್ಪತ್ರೆಗೆ ಹೋಗಿ. ಮೊದಲ ಎರಡು-ಮೂರು ವರ್ಷ ಆರು ತಿಂಗಳಿಗೊಮ್ಮೆ ಎದೆಯ ಸಿಟಿ ಸ್ಕ್ಯಾನ್, ಆಮೇಲೆ ವರ್ಷಕ್ಕೊಮ್ಮೆ. ಇದು ತಪ್ಪಬಾರದು.

ಈ ಪರೀಕ್ಷೆಯನ್ನು ಒಂದು ಅಧ್ಯಯನದ ಭಾಗವಾಗಿ ಮಾಡಿಸುವ ಅವಕಾಶ ಸಿಕ್ಕರೆ ನನ್ನ ಮೊದಲ ಆಯ್ಕೆ ಅದೇ. ನಿಮ್ಮ ಆಂಕಾಲಜಿಸ್ಟ್‌ಗೆ ಕೇಳಿ. ಭಾರತದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ಇರುತ್ತವೆ, ಅದರ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. ಸೇರುವ ಮುಂಚೆ ನೋಂದಣಿ ನಂಬರ್ ಕೇಳಿ, ಯಾವ ಖರ್ಚು ಅವರದು, ಯಾವುದು ನಿಮ್ಮದು ಎಂದು ಕೇಳಿ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಸಹಿ ಹಾಕಬೇಡಿ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡುವುದು ಅವರ ಕರ್ತವ್ಯ. ಕನ್ನಡದ ಪ್ರತಿ ಕೇಳಿ ಪಡೆದು, ಮನೆಗೆ ತಂದು, ಎಲ್ಲರೂ ಕೂತು ಓದಿ, ಆಮೇಲೆ ಸಹಿ ಹಾಕಿ.